ಬೀದಿ ಬಾಗಿಲು

"ಹೊಸ್ತಿಲ ಮೇಲೆ ಕೂರಬಾರ್ದು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ? ಏಳು ಮಾರಾಯ್ತಿ."

ಗುತ್ಯಪ್ಪ ಮೇಸ್ತ್ರಿಯ ಮಾತು ಕಿವಿಗೆ ಬಿದ್ದರೂ ಮಗಳು ಧನಲಕ್ಷ್ಮಿ ಅಲುಗಲಿಲ್ಲ. ವಿದ್ಯಾರ್ಥಿ ಸಂಘದ ಕಟ್ಟಡದ ಬೀದಿ ಬಾಗಿಲಿನಲ್ಲಿ, ಚೌಕಟ್ಟಿನ ಒಂದು ಮಗ್ಗುಲಿಗೆ ಬೆನ್ನು, ಇನ್ನೊಂದಕ್ಕೆ ಪಾದ ಕೊಟ್ಟು ಕೂತಿದ್ದಳು. ಹಿಂದೆ ಹತ್ತು ಹನ್ನೆರಡು ಹುಡುಗಿಯರು ನಿಂತಿದ್ದರು. ಬೆಳಿಗ್ಗೆ ಸೊರಬದ ಕಡೆಯ ಉಳವಿಯಿಂದ ಅಪ್ಪ ಮಗಳು ಒಂದೇ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದಿದ್ದರು. ಮುಂದಿನ ಸೀಟು ಹಿಡಿದವಳು ಇಳಿಯುವ ತನಕ ತಿರುಗಿ ನೋಡಿರಲಿಲ್ಲ. ಅಪ್ಪ ಯಾವ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಲು ಹೊರಟಿದ್ದಾನೆಂದು ಅವಳಿಗೆ ಗೊತ್ತಿತ್ತು.

ಕಟ್ಟಡ ಅಂದರೆ ಏನು ಮಹಾ? ಕಾಲೇಜು ಕಾಂಪೌಂಡಿನ ಮೂಲೆಯಲ್ಲೊಂದು ಹೆಂಚಿನ ಕೋಣೆ, ಮುಂದೆ ಕೆಂಪು ಜಗಲಿ, ನಾಲ್ಕು ಮೆಟ್ಟಿಲು. ಕಾಲೇಜಿನ ಉಳಿದ ಕಟ್ಟಡಗಳೆಲ್ಲ ಊರಿಗೆ ಬೆನ್ನು ಹಾಕಿದ್ದರೆ ಇದೊಂದು ಮಾತ್ರ ಬಸ್ ಸ್ಟ್ಯಾಂಡ್ ರಸ್ತೆಗೆ ಮುಖ ಮಾಡಿತ್ತು. ನಾಲ್ಕು ಗಂಟೆಗೆ ಗೇಟಿಗೆ ಬೀಗ ಬಿದ್ದ ಮೇಲೂ ಸೊರಬದ ಕಡೆಯ ಹುಡುಗಿಯರು ಈ ಬೀದಿ ಬಾಗಿಲಿನಿಂದ ಬಂದು ಐದೂವರೆ ಬಸ್ಸಿನವರೆಗೆ ಒಳಗೆ ಕೂರುತ್ತಿದ್ದರು. ಹೋದ ತಿಂಗಳು ಸಂಘದ ಕಾರ್ಯದರ್ಶಿ ಧನಲಕ್ಷ್ಮಿ ಇದೇ ಮೆಟ್ಟಿಲ ಮೇಲೆ ಮೈಕು ಹಿಡಿದು, ಹುಡುಗಿಯರ ಶೌಚಾಲಯಕ್ಕೆ ಎರಡು ವರ್ಷದಿಂದ ನೀರಿಲ್ಲ ಎಂದಿದ್ದಳು. ಸಂತೆಗೆ ಬಂದವರೆಲ್ಲ ಕೇಳಿಸಿಕೊಂಡರು. ಆಡಳಿತ ಮಂಡಳಿಗೆ ನೀರು ಬಿಡುವುದಕ್ಕಿಂತ ಬಾಗಿಲು ಮುಚ್ಚುವುದು ಸುಲಭವಾಗಿ ಕಂಡಿತು.

ಮಂಡಳಿಯ ಅಧ್ಯಕ್ಷ ಸದಾಶಿವಪ್ಪ ಕಾರಿನಿಂದ ಇಳಿದವರೇ ಮೆಟ್ಟಿಲ ಬುಡದಲ್ಲಿ ನಿಂತರು.

"ಏನೋ ಮೇಸ್ತ್ರಿ, ಒಂಬತ್ತಾತು. ಇನ್ನೂ ಒಂದು ಸಾಲು ಇಟ್ಟಿಗಿ ಎದ್ದಿಲ್ಲಲ್ಲೋ?"

"ಹೊಸ್ತಿಲು ಕೀಳದೆ ಗೋಡೆ ಎಬ್ಸಾದಿಲ್ಲ ರೀ. ಅರಿಶಿನ ಕುಂಕುಮ ಕಂಡ ಮರ ಅದು. ಅದರ ಮೇಲೆ ನಾವು ಇಟ್ಟಿಗೆ ಇಡಾದಿಲ್ಲ."

"ಹಂಗಾರೆ ಕಿತ್ತು ಒಗಿ."

"ಮಗಳು ಕೂತಿದಾಳೆ."

"ನಿನ್ ಮಗಳಾ?" ಸದಾಶಿವಪ್ಪ ನಕ್ಕರು. ಆ ನಗು ಯಾರಿಗೂ ಒಳ್ಳೆಯದು ಬಯಸುವಂಥದ್ದಲ್ಲ. "ಇನ್ನೂ ಸಲೀಸಾತು. ರಟ್ಟಿ ಹಿಡಿದು ಎಳಿ. ಹೊಸ ಹಾಸ್ಟೆಲ್ ಕೆಲಸ ಬೇಕೋ ಬ್ಯಾಡೋ?"

ಹಾಸ್ಟೆಲ್ ಎಂದರೆ ಎರಡು ವರ್ಷದ ಅನ್ನ. ಗುತ್ಯಪ್ಪನಿಗೆ ಸಿಟ್ಟು ನೆತ್ತಿಗೇರಿತು, ಅದೂ ಮಗಳ ಮೇಲೆ. ಸಿಮೆಂಟು ಮರಳಿಗೆ ನೀರು ಸುರಿದು ರಪರಪ ಕಲಸಿದ. ನೀರು ಬಿದ್ದ ಮೇಲೆ ಗಂಟೆಯೊಳಗೆ ಬಳಸಬೇಕು, ಇಲ್ಲದಿದ್ದರೆ ಅದು ಕಲ್ಲು. ಬಾಂಡ್ಲಿ ತುಂಬಿಕೊಂಡು ಮೆಟ್ಟಿಲೇರಿದವನು ಅದನ್ನು ಪಕ್ಕಕ್ಕಿಟ್ಟು ಮಗಳ ರಟ್ಟೆಗೆ ಕೈ ಹಾಕಿದ.

"ಎಳಿ ಅಪ್ಪ," ಎಂದಳು ಅವಳು ತಣ್ಣಗೆ. "ಸಾಯಂಕಾಲ ಎಲ್ಲಿ ಕೂತು ಬಸ್ ಕಾಯ್ಲಿ ಅಂತಾನೂ ನೀನೇ ಹೇಳು. ಹೋದ ವರ್ಷ ಬಸ್ ಸ್ಟ್ಯಾಂಡಲ್ಲಿ ಒಬ್ಬ ಹಿಂಗೇ ಹಿಡಿದೆಳೆದ. ಇದೇ ಕೈ. ಕಾಲೇಜು ಬಿಡಿಸ್ತೀಯ ಅಂತ ನಿಂಗೆ ಹೇಳ್ಲಿಲ್ಲ."

ಗುತ್ಯಪ್ಪನ ಬೆರಳುಗಳು ತಾವಾಗಿಯೇ ಸಡಿಲಾದವು.

"ಏನೋ ಅದು ಪುರಾಣ?" ಕೆಳಗಿನಿಂದ ಸದಾಶಿವಪ್ಪ ಕೂಗಿದರು. "ಎಳಿಯೋ."

ಗುತ್ಯಪ್ಪ ಒಂದು ಮೆಟ್ಟಿಲು ಇಳಿದು, ರಸ್ತೆಗೆ ಮುಖ ಮಾಡಿ ಕೂತ. ಇನ್ನೊಂದು ಕೈಯಲ್ಲಿದ್ದ, ಗಾರೆ ಹಚ್ಚುವ ಕರಣೆಯನ್ನು ಬಾಂಡ್ಲಿಯಲ್ಲಿದ್ದ ಸಿಮೆಂಟಿಗೆ ಚುಚ್ಚಿದ.

"ಕಲಸಿದ್ದು ಗಟ್ಟಿ ಆಗ್ತತಲ್ಲೋ."

"ಆಗ್ಲಿ ರೀ."

"ಹಾಸ್ಟೆಲ್ ಮರ್ತುಬಿಡು. ನಾಳೆ ಬೇರೆಯವನು ಬರ್ತಾನ."

"ಬರ್ಲಿ. ಅವನಿಗೂ ಮೊದಲು ಹೊಸ್ತಿಲೇ ಕೀಳಬೇಕು."

ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಹುಡುಗಿಯರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಸ್ತ್ರಿಯನ್ನು ಅವರು ಇನ್ನೂ ಮಂಡಳಿಯ ಕಡೆಯವನನ್ನು ನೋಡುವ ಹಾಗೆಯೇ ನೋಡುತ್ತಿದ್ದರು.

"ನೀ ಬರ್ಲೇಬಾರ್ದಿತ್ತು," ಎಂದಳು ಧನಲಕ್ಷ್ಮಿ ಬೆನ್ನ ಹಿಂದಿನಿಂದ.

ಬಸ್ಸುಗಳು ಬಂದು ಹೋದವು. ಬಿಸಿಲು ಮೂರನೇ ಮೆಟ್ಟಿಲಿಗೆ ಏರಿದಾಗ ಗುತ್ಯಪ್ಪ ಕರಣೆಯ ಹಿಡಿಯನ್ನು ಒಮ್ಮೆ ಎಳೆದು ನೋಡಿದ. ಬರಲಿಲ್ಲ.