ಮೊದಲ ಬಟ್ಟಲು

ಆ ನಗು ಇಲ್ಲಿಗೆ ಹೇಗೆ ಬಂತು, ಬಸ್ಸಿನ ಗದ್ದಲದೊಳಗೆ, ಮೂಗಿನಲ್ಲಿ ಹುಟ್ಟಿ ಬಿಕ್ಕಳಿಕೆಯಂತೆ ತುಂಡಾಗುವ ನಗು, ರೊಮಿನಾಳದೇ, ಆದರೆ ರೊಮಿನಾ ಮನೆಯಲ್ಲಿದ್ದಾಳಲ್ಲ, ಶಾಲೆಗೆ ರಜೆ, ಬೆಳಿಗ್ಗೆ ಹೋಗ್ಬರ್ತೀನಿ ಕಣೇ ಅಂದರೆ ಫೋನಿನಿಂದ ಕಣ್ಣೆತ್ತದೆ ಹೂಂ ಅಂದಿದ್ದಳು, ಈಗೀಗ ತಾಯಿಯ ಜೊತೆ ಮಗಳ ಮಾತೆಲ್ಲ ಆ ಹೂಂ ಒಂದೇ — ಬಿಸಿ ಚಿಪಾ, ಚೀಸ್ ಹಾಕಿದ ಚಿಪಾ, ನಿಲ್ಡಾಳ ಬಾಯಿ ತನ್ನಷ್ಟಕ್ಕೆ ಕೂಗುತ್ತಿತ್ತು, ತಲೆಯ ಮೇಲೆ ಆ ಪುಟ್ಟ ಬನ್ನುಗಳ ಬುಟ್ಟಿ, ಮತ್ತೆ ಆ ನಗು, ಕಿಟಕಿ ಪಕ್ಕದ ಹುಡುಗಿಯ ಅಂಗೈಯಿಂದ. ಎರಡು ಕೊಡಿ ಅಕ್ಕಾ, ತಳ ಸೀದಿರೋದು ಬೇಡ. ಬಗ್ಗಿದರೆ ಫೋನಿನಲ್ಲಿ ತನ್ನದೇ ಅಡುಗೆಮನೆ, ತಾನೇ ನೀಲಿ ಬಳಿದ ಗೋಡೆ, ಅಂಚು ಸೀಳಿದ ಕೊಂಬಿನ ಬಟ್ಟಲು, ಅಪ್ಪನ ಕಾಲದ್ದು, ಅದರಲ್ಲೇ ಮಗಳಿಗೆ ತೆರೆರೆ ಮಾಡಲು ಕಲಿಸಿದ್ದು, ಒಣ ಎಲೆಪುಡಿ ತುಂಬಿ ಐಸ್ ನೀರು ಹೊಯ್ದು, ತಾಳೇ, ಮೊದಲನೇದು ಕುಡೀಬಾರ್ದು, ಅದು ಸಂತ ತೋಮಸನಿಗೆ, ಅವನು ಬರ್ತಾನಾ ಅಮ್ಮ, ಬರಲ್ಲ ಕಣೇ, ಬರದಿದ್ರೂ ಹಾಕ್ಬೇಕು, ನೀರು ಎಲೆಯೊಳಗೆ ಇಂಗುವುದನ್ನು ನೋಡಿ ಮಗು ಚಪ್ಪಾಳೆ ತಟ್ಟುತ್ತಿತ್ತು, ಕುಡಿದ್ಬಿಟ್ಟ ನೋಡಮ್ಮ — ಆಮೇಲೆ ಬಟ್ಟಲು ಅವಳಿಂದ ಇವಳಿಗೆ, ಇವಳಿಂದ ಅವಳಿಗೆ, ಮಧ್ಯಾಹ್ನ ಇಳಿಯುವವರೆಗೆ, ಯಾವಾಗ ನಿಂತಿತು ಅದು, ಜಗಳವೂ ಆಗಲಿಲ್ಲವಲ್ಲ, ಹೊಟ್ಟೆ ಸರಿಯಿಲ್ಲ ಅಂದಳು, ಆಮೇಲೆ ಬೇಡ ಅಂದಳು, ಆಮೇಲೆ ತೆರೆರೆ ಮುದುಕರದು ಅಂದಳು.

ಮುದುಕರದಂತೆ, ಇಲ್ಲಿ ಬಟ್ಟಲು ಹಿಡಿದು ಹರಟುತ್ತಿದ್ದಾಳೆ, ಈಗಲೇ, ಲೈವ್, ಪರದೆಯ ತುಂಬ ನೋಡುತ್ತಿರುವವರ ಹೆಸರುಗಳು, ಕೆಂಪು ಹೃದಯಗಳು, ಇದು ನಿಂಗೆ ಡೆರ್ಲಿಸ್, ಪರೀಕ್ಷೆ ಏನಾಯ್ತೋ ಕೋತಿ, ಮತ್ತೆ ಫೇಲಾ, ಎಂದು ಅವನ ಪಾಲನ್ನು ತಾನೇ ಹೀರಿ ನಗುತ್ತಾಳೆ, ಇಷ್ಟು ಮಾತು ಇವಳಲ್ಲಿತ್ತೇ. ಇವಳನ್ನ ನೋಡಿಲ್ವಾ ಅಕ್ಕಾ, ಎಂದಳು ಕಿಟಕಿ ಪಕ್ಕದ ಹುಡುಗಿ, ನಾವೆಲ್ಲ ದಿನಾ ಇವಳ ಜೊತೇಲೇ ಕುಡಿಯೋದು, ಪಾಪ, ತಾಯಿ ಇಲ್ಲ. ಇಲ್ಲ ಅಂದ್ರೆ? ಸತ್ತಿರ್ಬೇಕು ಅಕ್ಕಾ, ಬಾಯಿಬಿಟ್ಟು ಹೇಳಲ್ಲ, ತಾಳಿ, ಹೊಸ ಎಲೆ ಹಾಕ್ತಿದಾಳೆ, ಈಗ ನೋಡಿ. ಬುಟ್ಟಿ ವಾಲಿತು, ಹಿಡಿದಳು, ಪರದೆಯಲ್ಲಿ ರೊಮಿನಾ ನೀರು ಹೊಯ್ದಳು, ಮೊದಲನೇದು ನಮ್ಮಮ್ಮಂಗೆ, ಅಳಲಿಲ್ಲ, ನಟಿಸಲಿಲ್ಲ, ಎಷ್ಟೋ ಸಲ ಹೇಳಿ ಸವೆದ ದನಿ, ಅವಳು ಬರಲ್ಲ, ಬರದಿದ್ರೂ ಹಾಕ್ಬೇಕು — ಬದುಕಿದ್ದೀನಿ ಕಣೇ, ಇಲ್ಲೇ ಇದ್ದೀನಿ, ಇವಳ ತಾಯಿ ನಾನೇ ಅನ್ನಬೇಕು ಈ ಹುಡುಗಿಗೆ, ಈಗ, ಬಾಯಿ ತೆರೆದಳು, ಬಿಸಿ ಚಿಪಾ ಎಂದಿತು ಬಾಯಿ, ಚೀಸ್ ಹಾಕಿದ ಚಿಪಾ, ಹುಡುಗಿ ನಕ್ಕಳು, ತಗೊಂಡಾಯ್ತಲ್ಲ ಅಕ್ಕಾ, ಮತ್ತೆ ಯಾರಿಗೆ ಕೂಗ್ತೀರಿ, ಯಾರಿಗೆ, ಪರದೆಯಲ್ಲಿ ಮಗಳು ಬಟ್ಟಲನ್ನು ಮುಂದಕ್ಕೆ ಬಾಗಿಸಿ ತೋರಿಸುತ್ತಿದ್ದಳು, ಒಳಗೆ ನೀರು ಇಂಗುತ್ತಿತ್ತು, ಯಾರೂ ತುಟಿಯಿಡದ ನೀರು, ಹಸಿರು ಎಲೆಯೊಳಗೆ, ಇಂಗುತ್ತಿತ್ತು,