ಸಪ್ಪೆ ಎಡೆ

ಇದು ನಡೆದದ್ದು ನಡೆದ ಹಾಗೆ. ದಾವಣಗೆರೆಯಲ್ಲಿ ನನ್ನನ್ನು ಬಲ್ಲವರು ಮಾತ್ರ, "ಅಂಜನಕುಮಾರ, ಮೊದ್ಲು ಇದನ್ನ ಯಾರ ದನಿಯಾಗೆ ಹೇಳ್ತಿದೀಯ ಅಂತ ಹೇಳು" ಅನ್ನುತ್ತಾರೆ. ಊರವರ ದನಿಯನ್ನೆಲ್ಲ ಕದ್ದವನಿಗೆ ಸ್ವಂತದ್ದೊಂದು ಇದೆಯೆಂದು ಯಾರು ನಂಬಬೇಕು?

ದೊಡ್ಡಪ್ಪ ಗೋಣೆಪ್ಪನ ದಿವಸದ ಕಾರ್ಯಕ್ಕೆ ಹರಿಹರಕ್ಕೆ ಬಂದಿದ್ದೆವು. ಹೊಳೆದಂಡೆಯಲ್ಲಿ ಬಾಳೆಲೆಯ ಮೇಲೆ ಎಡೆ ಇಟ್ಟು, ಕಾಗೆ ಮುಟ್ಟಲೆಂದು ದೂರ ಸರಿದು ಕೂತೆವು. ಹರಿಯೂ ಹರನೂ ಇರುವ ಊರಿನಲ್ಲಿ ಹಾರಿ ಬರಲು ಒಂದು ಕಾಗೆಯೂ ಇರಲಿಲ್ಲ. ಬಿಸಿಲು ಏರಿತು. ಅಳು ಎಂದೋ ಮುಗಿದಿತ್ತು. ಈಗ ಬರುತ್ತಿದ್ದದ್ದು ಬರೀ ಆಕಳಿಕೆ.

"ಏನೋ ಆಸೆ ಉಳಿದೈತೆ, ಅದಕ್ಕೇ ಬರ್ತಿಲ್ಲ" ಅಂದಳು ಪಕ್ಕದ ಮನೆಯ ನೀಲಕ್ಕ.

ದೊಡ್ಡಪ್ಪನ ಮಗಳು ಭವ್ಯಾ ಎದ್ದು ಕೈಮುಗಿದಳು. "ಅಪ್ಪ, ಅವ್ವನ್ನ ನಾನು ನೋಡ್ಕೋತೀನಿ, ಬಾ." ಕಾಗೆ ಬರಲಿಲ್ಲ. ಇನ್ನು ಯಾರನ್ನೂ ಅಣಕಿಸುವುದಿಲ್ಲ ಎಂದು ನಾನೂ ಮಾತು ಕೊಟ್ಟೆ.

"ಅದು ಸುಳ್ಳು ಅಂತ ಕಾಗೇಗೂ ಗೊತ್ತೈತೆ" ಅಂದಳು ಭವ್ಯಾ. ಆಮೇಲೆ ದನಿ ತಗ್ಗಿಸಿದಳು. "ಅಣ್ಣ, ಏನಾರ ಮಾಡು. ಇವತ್ತೂ ಉಣ್ಣದಿದ್ರೆ ಅವ್ವ ಹಾಸಿಗೆ ಹಿಡೀತಾಳೆ."

ದೊಡ್ಡಪ್ಪ ಮಣ್ಣಾದ ದಿನದಿಂದ ದೊಡ್ಡಮ್ಮ ಉಡಚಮ್ಮ ಚಹಾದ ಮೇಲೇ ಇದ್ದಳು. ಕೇಳಿದರೆ, "ಅವರು ಉಂಡ ಮೇಲೆ ನಾನು" ಅನ್ನುತ್ತಿದ್ದಳು. ಬೆಳಿಗ್ಗೆ ಬಸ್ಸು ಹತ್ತುವಾಗ ಕಣ್ಣು ಕತ್ತಲೆಗಟ್ಟಿ ನನ್ನ ತೋಳು ಹಿಡಿದಿದ್ದಳು.

ನನಗೆ ಬರುವ ವಿದ್ಯೆ ಒಂದೇ. ಕಲ್ಲುಮಂಟಪದ ಹಿಂದೆ ಹೋಗಿ ಕಾಗೆಯಾದೆ. ಕೂಗಿದರೆ ನೆಂಟರು ಬಂದಾರು ಎಂಬ ಆಸೆ.

ಬಂದದ್ದು ದೊಡ್ಡಮ್ಮ. ಮಂಟಪದ ಮುಂದೆಯೇ ನಿಂತು, "ಬಂದ್ರಾ?" ಅಂದಳು.

ನಾನು ಕಾ ಅಂದೆ.

"ಎಡೆ ಸಪ್ಪೆ ಐತೆ ಅಂತ ಮುಟ್ಟಲಿಲ್ವಾ? ನಿಮ್ಗೆ ಬಿ.ಪಿ. ಐತೆ ಅಂತ ಡಾಕ್ಟ್ರು ಅಂದಾಗಿಂದ ಕೈಗೆ ಅದೇ ರೂಢಿ ನೋಡ್ರಿ. ಇವತ್ತೂ ಉಪ್ಪು ಖಾರ ಹಾಕಾದು ಮರ್ತೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೊನೇ ದಿನ ಸಂಜೆ ಒಂದು ಮಿರ್ಚಿ ಬಜ್ಜಿ ಕೇಳಿದ್ರಿ. ಕೊಡ್ಲಿಲ್ಲ, ಬೈದೆ. ಸಿಟ್ಟೈತಾ?"

ಇದಕ್ಕೆ ಕಾಗೆ ಏನೆಂದು ಉತ್ತರ ಕೊಡಬೇಕು? ಕಾ ಅಂದರೆ ಹೌದೋ, ಅಲ್ಲವೋ? ಪ್ರತಿ ಜಗಳದ ಕೊನೆಗೂ ದೊಡ್ಡಪ್ಪ ಕೆಮ್ಮಿ, ಮೂಗಿನಲ್ಲಿ ಒಂದು ಮಾತು ಆಡುತ್ತಿದ್ದ. ಬಾಗಿಲಾಚೆ ನಿಂತು ಅದನ್ನೇ ಅಂದು ನಾನು ಎಷ್ಟೋ ಸಲ ದೊಡ್ಡಮ್ಮನಿಂದ ಚಹಾ ಮಾಡಿಸಿಕೊಂಡಿದ್ದೆ. ಈಗ ತಡೆಯುವ ಮೊದಲೇ ಕೆಮ್ಮಿನ ಸಮೇತ ಬಾಯಿಗೆ ಬಂದುಬಿಟ್ಟಿತು.

"ಆತು ಬಿಡೇ ಅತ್ಲಾಗೆ. ಚಾ ಮಾಡು."

ನೀಲಕ್ಕ "ಶಿವನೇ" ಅಂದದ್ದು ಕೇಳಿಸಿತು. ಏಟು ಬೀಳುವುದು ಗ್ಯಾರಂಟಿ ಎಂದು ತಲೆ ತಗ್ಗಿಸಿ ಹೊರಗೆ ಬಂದೆ.

ದೊಡ್ಡಮ್ಮ ಹತ್ತಿರ ಬಂದು ನನ್ನ ಗದ್ದ ಹಿಡಿದು ಮೇಲೆತ್ತಿದಳು.

"ಕಾಗೆ ಚಲೋ ಮಾಡ್ದೆ ಕಣಲೇ" ಅಂದಳು. "ನಿಮ್ಮ ದೊಡ್ಡಪ್ಪನ್ನ ಕೆಡಿಸ್ದೆ. ಕೆಮ್ಮು ಹಂಗಲ್ಲ. ಹೋಗು, ಎರಡು ಮಿರ್ಚಿ ತಗಂಬಾ. ಇಬ್ರೂ ಒಟ್ಟಿಗೇ ತಿಂತೀವಿ."

ರಸ್ತೆಬದಿಯ ಗಾಡಿಯಿಂದ ಬಿಸಿಬಿಸಿ ಮಿರ್ಚಿ ತಂದೆ. ಒಂದನ್ನು ಎಲೆಯ ಮೇಲಿಟ್ಟಳು. ಇನ್ನೊಂದನ್ನು ಅಲ್ಲೇ ಕೂತು ಕಚ್ಚಿದಳು. ಎಷ್ಟೋ ದಿನ ಖಾರ ಕಾಣದ ಗಂಟಲು, ನೆತ್ತಿಗೇರಿತು. ಕೆಮ್ಮಿದಳು.

ಅದು ತದ್ವತ್ ದೊಡ್ಡಪ್ಪನ ಕೆಮ್ಮು. ನಾವೆಲ್ಲ ಒಟ್ಟಿಗೇ ತಿರುಗಿ ಮಂಟಪದ ಕಡೆ ನೋಡಿದೆವು.

ಕೆಮ್ಮಿದವಳಿಗೇ ಅದು ಮೊದಲು ಹೊಳೆಯಿತು. "ಹಿಂಗೆ ಕಣಲೇ" ಅಂದವಳೇ ನಗತೊಡಗಿದಳು. ನಾನು ನಕ್ಕೆ, ಭವ್ಯಾ ನಕ್ಕಳು. ಕಾಗೆ ಹೆದರುತ್ತೆ, ಸುಮ್ಮನಿರ್ರಿ ಎಂದು ನೀಲಕ್ಕ ಗದರಿದಳು. ನಾವು ಸುಮ್ಮನಾದೆವು. ದೊಡ್ಡಮ್ಮ ಮಾತ್ರ ಅರ್ಧ ಮಿರ್ಚಿ ಕೈಯಲ್ಲಿ ಹಿಡಿದು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಆಚೆ ದಂಡೆಗೆ ಕೇಳುವಷ್ಟು ಜೋರಾಗಿ ನಗುತ್ತಲೇ ಇದ್ದಳು.