ಕುಬಸದ ಮನೆಯ ಸಿಮೆಂಟ್ ತಗಡು

ಕೆಂಭಾವಿ ಸಂತೆಯಿಂದ ಬಳೆ, ಹೂವು, ಬಾಳೆಹಣ್ಣು ಹೊತ್ತು ಬಂದವನು ಅಂಗಳದಲ್ಲೇ ಹೌಹಾರಿದೆ. ನನ್ನ ಅಕ್ಕ ಹಣಮಂತಮ್ಮ ಸೀರೆ ಎತ್ತಿ ಕಟ್ಟಿ, ಪಡಸಾಲೆಯ ಸಿಮೆಂಟ್ ತಗಡಿನ ಗೋಡೆಯನ್ನು ಇಟ್ಟಂಗಿಯಿಂದ ಗಸಗಸ ತಿಕ್ಕುತ್ತಿದ್ದಳು. ಧೂಳು ಹೊಗೆಯಂತೆ ಏಳುತ್ತಿತ್ತು. ಉದುರಿದ ಪುಡಿಯನ್ನು ಮೊರದಲ್ಲಿ ತುಂಬಿಕೊಂಡು ನನ್ನ ಮಗಳು ಮೌನೇಶ್ವರಿ ಹಿತ್ತಾಳೆ ಕೊಡ ಬೆಳಗಲು ಆಗಷ್ಟೇ ಕೂತಿದ್ದಳು. ಅವಳು ಬಸುರಿ. ಮರುದಿನವೇ ಕುಬಸ, ಅಂದರೆ ಸೀಮಂತ.

ನಮ್ಮ ಕಡೆ ಶುಭಕಾರ್ಯ ಬಂದರೆ ಗೋಡೆ ತಿಕ್ಕಿ ಸುಣ್ಣ ಬಳಿಯುತ್ತಾರೆ, ಉದುರಿದ ಇಟ್ಟಂಗಿ ಪುಡಿಯಲ್ಲಿ ಪಾತ್ರೆ ಬೆಳಗುತ್ತಾರೆ. ಕಲ್ಲಿನ ಗೋಡೆಗೆ ಅದು ಸರಿ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತ ಈ ತಗಡಿಗಲ್ಲ.

“ಮೌನಾ, ಕೊಡ ಅಲ್ಲೇ ಬಿಟ್ಟ ಹೊರಗ ನಡಿ! ಅಕ್ಕಾ, ಇಟ್ಟಂಗಿ ಇಡು!” ಎಂದು ಚೀರಿದೆ.

“ಸಂತ್ಯಾಗ ಸೇಂದಿ ಕುಡದ ಬಂದಿ ಏನಲೇ ಗುರಣ್ಣಾ?” ಅಕ್ಕ ಕೈ ನಿಲ್ಲಿಸಲಿಲ್ಲ. “ನಾಳಿ ಶಹಾಪುರದ ಬೀಗರು ಬರತಾರ. ಈ ಹೊಲಸ ಗ್ವಾಡಿ ನೋಡಿದ್ರ ಪೋರಿನ್ನ ಚೊಚ್ಚಲ ಹೆರಿಗಿಗೆ ಇಲ್ಲಿ ಬಿಡತಾರೇನು?”

ನನ್ನ ಚಿಂತೆಯೂ ಅದೇ. ನನ್ನ ಹೆಂಡತಿ ತೀರಿಕೊಂಡಿದ್ದಾಳೆ. ತಾಯಿಯಿಲ್ಲದ ಮನೆಯಲ್ಲಿ ಬಾಣಂತನ ಯಾರು ಮಾಡುತ್ತಾರೆಂದು ಬೀಗರು ಆಗಲೇ ಗೊಣಗಿದ್ದರು. ಮಗಳು ಇಲ್ಲೇ ಹೆರಬೇಕೆಂಬುದು ನನ್ನ ಹಟ.

“ಆ ಧೂಳಿನಾಗ ಕಣ್ಣಿಗೆ ಕಾಣದ ಸೂಜಿ ಅದಾವ! ಉಸರಿನ ಕೂಡ ಎದಿಯಾಗ ಹೋಗಿ ಕುಂತ್ರ ಹೊರಗ ಬರೂದಿಲ್ಲ. ಜಲ್ಮೆಲ್ಲಾ ಇವ ತಗಡ ಕೊಯ್ದ ರಾಜಾಸಾಬನ್ನ ಕಲಬುರಗಿ ದವಾಖಾನಿಗೆ ಒಯ್ದಾಗ ಡಾಕ್ಟ್ರು ನನ್ನ ಮುಂದನ ಹೇಳ್ಯಾರ.”

“ರಾಜಾಸಾಬ ಬೀಡಿ ಸೇದಿ ಕೆಟ್ಟಾನ ತಗೋ.”

“ಅಂವ ಬೀಡಿ ಮುಟ್ಟಿದಾವನs ಅಲ್ಲ! ನಾಕ ಹೆಜ್ಜಿ ನಡದ್ರ ಈಗ ಕುಂತ ತೇಕತಾನ.”

ಅಕ್ಕನ ಕೈ ನಿಂತಿತು. ಹೊಸ್ತಿಲ ಆಚೆ ನಿಂತ ಮೌನೇಶ್ವರಿಯ ಹೊಟ್ಟೆ ನೋಡಿ ಇಟ್ಟಂಗಿ ಕೆಳಗಿಟ್ಟಳು. ಮರುಗಳಿಗೆಯೇ ಕಸಬರಿಗೆ ಎತ್ತಿದಳು.

“ಉಡಗಬ್ಯಾಡ! ಉಡಗಿದ್ರ ಮತ್ತ ಏಳತದ!”

ಮಗಳನ್ನು ಸ್ನಾನ ಮಾಡಿ ಸೀರೆ ಬದಲಿಸಲು ಪಕ್ಕದ ಮನೆಗೆ ಕಳಿಸಿದೆ. ಬಾಯಿಗೆ ಸೆರಗು ಸುತ್ತಿದರೆ ಸಾಲದು. ಕೊರೋನಾ ಕಾಲದ ದಪ್ಪ ಮಾಸ್ಕು ಟ್ರಂಕಿನಲ್ಲಿದ್ದವು, ಹಾಕಿಕೊಂಡೆವು. ಪುಡಿಯ ಮೇಲೆ ಮೆಲ್ಲಗೆ ನೀರು ಚಿಮುಕಿಸಿ, ಒದ್ದೆ ಅರಿವೆಯಿಂದ ಒರೆಸಿದೆವು. ಪುಡಿ, ಅರಿವೆ, ಮೊರ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಅದನ್ನು ಇನ್ನೊಂದು ಚೀಲದಲ್ಲಿ ಬಿಗಿದು, ಎಲ್ಲಿ ಹಾಕಬೇಕೆಂದು ಪಂಚಾಯಿತಿಯವರನ್ನು ಕೇಳುವವರೆಗೆ ಯಾರೂ ಮುಟ್ಟದ ಮೂಲೆಯಲ್ಲಿಟ್ಟೆ. ಉಟ್ಟ ಬಟ್ಟೆ ಬೇರೆಯಾಗಿ ಒಗೆದೆವು. ಗೋಡೆ ಒಣಗಿದ ಮೇಲೆ, ತಿಕ್ಕದೇ, ಹಾಗೇ ದಪ್ಪಗೆ ಬಣ್ಣ ಬಳಿದೆ. ಪಾಚಿಯ ಕಲೆ ಅಲ್ಲಲ್ಲಿ ಇಣುಕುತ್ತಿತ್ತು. ಇಣುಕಲಿ!

ಮರುದಿನ ಬೀಗರ ಟೆಂಪೊ ಬಂತು. ಹೆಂಗಸರ ಗದ್ದಲ, ನಗೆ, ಬುತ್ತಿಯ ಬುಟ್ಟಿಗಳು. ಬೀಗತಿ ರೇಣಮ್ಮ ಒಳಗೆ ಕಾಲಿಟ್ಟವಳೇ ಗೋಡೆ ನೋಡಿದಳು.

“ಏನ್ರಿ ಬೀಗರೆ, ಗ್ವಾಡಿ ಎಮ್ಮಿ ಮೈಯಂಗ ಅದ! ತಿಕ್ಕಾಕ ಯಾರೂ ಸಿಗಲಿಲ್ಲೇನು?”

ಹೆಂಗಸರೆಲ್ಲ ನಕ್ಕರು. ಬಾಯಿ ಬಿಡಬೇಡವೆಂದು ಅಕ್ಕ ನನ್ನ ಕಾಲು ತುಳಿದಳು. ನನಗೆಲ್ಲಿ ತಡೆಯುತ್ತದೆ! ಎಲ್ಲವನ್ನೂ ಒದರಿಬಿಟ್ಟೆ.

“ಒಡೀಲಾರದ, ಕೊರೀಲಾರದ ಬಿಟ್ರ ಅಪಾಯ ಕಮ್ಮಿ. ಆದ್ರೂ ನಿಮಗ ಹೆದರಿಕಿ ಇದ್ರ ಸೊಸಿನ್ನ ಕರ್ಕೊಂಡ ಹೋಗ್ರಿ. ಸುಳ್ಳ ಹೇಳಿ ಮಗಳನ್ನ ಇಟಗೊಳ್ಳಾವ ನಾ ಅಲ್ಲ!”

ಸೋಬಾನೆ ಹಾಡುತ್ತಿದ್ದವರೂ ನಿಲ್ಲಿಸಿದರು. ರೇಣಮ್ಮ ಗೋಡೆಯಿಂದ ಹಿಂದೆ ಸರಿದಳು.

“ಯವ್ವಾ! ನಮ್ಮ ಮನಿ ಮ್ಯಾಲಿನವೂ ಇವೇ ತಗಡ. ಸ್ಲ್ಯಾಬ್ ಹಾಕಸೂದದ ಅಂತ ಹಣಮೇಶ ಇವತ್ತ ಸುತ್ತಿಗಿ ಹಿಡದಾನ! ಅದಕ್ಕ ಬಂದಿಲ್ಲ ಅಂವ!”

ಹಣಮೇಶ ನನ್ನ ಅಳಿಯ. ರೇಣಮ್ಮ ಫೋನು ಹಚ್ಚಿ, ಫೋನಿಲ್ಲದೆಯೂ ಶಹಾಪುರಕ್ಕೆ ಕೇಳಿಸುವಂತೆ ಕೂಗಿದಳು: “ಸುತ್ತಿಗಿ ಕೆಳಗಿಡೋ ಹಣಮೇಶಾ! ಒಂದ ತಗಡೂ ಒಡೀಬ್ಯಾಡ!”

“ಇನ್ನಾ ಏಣಿ ಹಚ್ಚಾಕತ್ತೀನಿ ಯವ್ವಾ, ಯಾಕ?” ಎಂಬ ಅವನ ದನಿ ಎಲ್ಲರಿಗೂ ಕೇಳಿಸಿತು. ಹೆಂಗಸರು ಹೋ ಎಂದು ಕೂಗಿದರು. ನನ್ನ ಮಗಳಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ರೇಣಮ್ಮ ಫೋನಿಟ್ಟು ಹಣೆ ಒರೆಸಿಕೊಂಡಳು. “ಬೀಗರೆ, ತಗಡ ಹೆಂಗ ಇಳಸಬೇಕು ಅಂತ ಆ ಡಾಕ್ಟ್ರನ್ನ ಕೇಳಿ, ನೀವs ಬಂದ ಮುಂದ ನಿಲ್ರಿ. ಸೊಸಿ ಇಲ್ಲೇ ಇರ್ಲಿ. ಇಂಥಾ ಚೀರೂ ಅಜ್ಜ ಇದ್ದಲ್ಲೇ ಕೂಸು ಹುಟ್ಟಬೇಕು.”

ಹೆಂಗಸರು ಮತ್ತೆ ಸೋಬಾನೆ ಎತ್ತಿಕೊಂಡರು. ನಾನು ಮತ್ತೇನೋ ಹೇಳಲು ಬಾಯಿ ತೆರೆದೆ.

“ಮುಗೀತಲ್ಲೋ, ಇನ್ನರೆ ಸುಮ್ಮನಿರು,” ಎಂದಳು ಅಕ್ಕ. “ಸೋಬಾನಿ ಕೇಳಸವಲ್ದು.”